ನಿನ್ನ ಗದ್ದದ ಕಲೆಗಳು

ನಿನ್ನ ಗದ್ದದ ಮೇಲಿನ ಕಲೆಗಳು ನಾನು ಮಾಡಿದ್ದು, ನಳಿನಿ. ಹಾರ್ಮೋನ್ ಮಾಡಿದ್ದಲ್ಲ, ನಿನ್ನ ಚರ್ಮದ ದೋಷವೂ ಅಲ್ಲ. ನಿನ್ನ ಮಮ್ಮಿ, ತಣ್ಣಗೆ ಯೋಚನೆ ಮಾಡಿ, ಬೇಕೆಂದೇ ಮಾಡಿದ್ದು.

ಆಗ ನಿನಗೆ ಹತ್ತೊಂಬತ್ತು. ಡ್ಯಾಡಿ ಮೇಜರ್ ಆಗಿ ಉತ್ತರದ ಗಡಿಯಲ್ಲೆಲ್ಲೋ ಇದ್ದರು. ನಾವಿಬ್ಬರೂ ಜಾವಳಿಯಲ್ಲಿ, ನನ್ನ ತವರಿನ ಎಸ್ಟೇಟಿನಲ್ಲಿ. ನಿನ್ನ ಗದ್ದದಲ್ಲಿ ಕೂದಲು ಬರತೊಡಗಿತ್ತು. ಹುಡುಗಿಯರ ನವಿರು ರೋಮವಲ್ಲ — ಕಪ್ಪಗೆ, ಒರಟಾಗಿ, ಗಂಡಸರದೇ ಗಡ್ಡದ ಹಾಗೆ. ಥ್ರೆಡಿಂಗ್ ಆಯಿತು, ಬ್ಲೀಚ್ ಆಯಿತು, ಗುಳಿಗೆಗಳೂ ಆದವು. ಕಡೆಗೆ ನೀನು ದುಪಟ್ಟಾವನ್ನು ಮೂಗಿನವರೆಗೆ ಎಳೆದುಕೊಂಡು ಓಡಾಡತೊಡಗಿದೆ. ನಿನ್ನ ಸರೋಜತ್ತೆ ಮದುವೆಮನೆಯಲ್ಲಿ ಎಲ್ಲರೆದುರು ಅಂದದ್ದು ನನಗೆ ಇನ್ನೂ ಕೇಳಿಸುತ್ತದೆ: "ಮೇಜರ್ ಮಗಳಲ್ವೇನೇ, ಮೀಸೆ ಇದ್ರೇನೇ ಚಂದ ಬಿಡು." ಎಲ್ಲರೂ ನಕ್ಕರು. ನೀನೂ ನಕ್ಕೆ. ಮಾರನೆಯ ದಿನದಿಂದ ಚಿಕ್ಕಮಗಳೂರಿನ ಕಾಲೇಜಿಗೆ ಹೋಗುವುದನ್ನು ಬಿಟ್ಟೆ. ರೂಮಿನ ಬಾಗಿಲು ಹಾಕಿಕೊಂಡೆ. ಊಟದ ತಟ್ಟೆಯನ್ನು ನಾನು ಹೊಸ್ತಿಲ ಮೇಲೆ ಇಟ್ಟು ಬರುತ್ತಿದ್ದೆ — ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಂದ ಧೈರ್ಯದ ಪಾಠ ಕಲಿತ ನಾನು, ನನ್ನ ಮಗಳಿಗೆ ಹೇಳಲು ಒಂದು ಮಾತೂ ಇಲ್ಲದೆ.

ಕೂದಲನ್ನು ಬೇರಿನಿಂದಲೇ ಸುಡುವ ಲೇಸರ್ ಎನ್ನುವುದು ಬೆಂಗಳೂರಿಗೆ ಆಗಷ್ಟೇ ಬಂದಿತ್ತು. ಕಾಫಿ ರೇಟು ನೆಲ ಕಚ್ಚಿದ್ದ ವರ್ಷಗಳವು; ಪ್ರೈವೇಟ್ ಕ್ಲಿನಿಕ್ ನಮ್ಮ ಕೈಗೆಟುಕುವ ಮಾತಾಗಿರಲಿಲ್ಲ. ಆದರೆ ನಾವು ಆರ್ಮಿಯವರು, ಸೈನ್ಯದ ಆಸ್ಪತ್ರೆ ಇದೆಯಲ್ಲ ಎಂದು ನಿನ್ನನ್ನು ಹೊರಡಿಸಿದೆ.

ಅಲ್ಲಿ ಬೆಂಚಿನ ಮೇಲೆ ನಮ್ಮ ಪಕ್ಕ ಕೂತಿದ್ದ ಸಿಪಾಯಿ ನೆನಪಿದೆಯೇ? ಸಕಲೇಶಪುರದ ಹುಡುಗ. ದಿನಾ ಶೇವ್ ಮಾಡಿ ಮಾಡಿ ಕುತ್ತಿಗೆ ತುಂಬ ಕೆಂಪು ಗುಳ್ಳೆ. "ಗಡ್ಡ ಬಿಟ್ರೆ ಹವಾಲ್ದಾರ್ ಬೈತಾನೆ, ತೆಗೆದ್ರೆ ಕುತ್ತಿಗೆ ಬೈತದೆ, ಆಂಟಿ," ಅಂದ. ಎಷ್ಟೋ ತಿಂಗಳ ಮೇಲೆ ನೀನು ನಿಜವಾಗಿ ನಕ್ಕದ್ದು ಆಗಲೇ. ಅವನಿಗೆ ಮುಲಾಮು ಸಿಕ್ಕಿತು, ಶೇವಿಂಗ್‌ನಿಂದ ರಜೆ ಸಿಕ್ಕಿತು. ಸರಿ, ಸಿಗಬೇಕಾದದ್ದೇ.

ನಿನ್ನನ್ನು ರಕ್ತಪರೀಕ್ಷೆಗೆ ಕಳಿಸಿ ಲೇಡಿ ಡಾಕ್ಟರ್ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ಒಳ್ಳೆಯ ಹೆಂಗಸೇ. "ಇಟ್ಸ್ ಕಾಸ್ಮೆಟಿಕ್, ಮ್ಯಾಮ್." ಕೂದಲು ಕಾಯಿಲೆಯಲ್ಲ, ಅದಕ್ಕೆ ಲೇಸರ್ ಬರೆಯಲು ರೂಲ್ ಒಪ್ಪುವುದಿಲ್ಲ. ಶೇವ್ ಮಾಡಿ ಚರ್ಮ ಕೆಟ್ಟು ಕೀವು ತುಂಬಿದ್ದರೆ ಅದು ಬೇರೆ ಮಾತು, ಅದು ಟ್ರೀಟ್‌ಮೆಂಟ್. ಸದ್ಯ ರೇಜರ್ ಮುಟ್ಟಿಸಲೇಬೇಡಿ, ಕತ್ತರಿಯಲ್ಲಿ ಟ್ರಿಮ್ ಮಾಡಿದರೆ ಸಾಕು — ಇಷ್ಟು ಹೇಳಿದರು.

ನಾನು ಹೊರಗೆ ಬಂದೆ. "ಏನಂದ್ರು, ಮಮ್ಮಿ?" ಅಂದೆ ನೀನು.

"ದಿನಾ ಶೇವ್ ಮಾಡ್ಬೇಕಂತೆ," ಅಂದೆ ನಾನು. "ಸೋಪು ಗೀಪು ಏನೂ ಬೇಡ್ವಂತೆ. ಕೂದ್ಲಿಗೆ ಎದುರಾಗಿ ಎಳೀಬೇಕಂತೆ."

ಅಷ್ಟೇ. ಅದನ್ನು ಹೇಳಲು ಒಂದು ಉಸಿರೂ ಹಿಡಿಯಲಿಲ್ಲ.

ಗೊತ್ತಿಲ್ಲದೆ ಹೇಳಿದೆ ಎನ್ನುವ ಹಾಗಿಲ್ಲ. ಕಾಫಿ ಗಿಡಕ್ಕೆ ಕಾಂಡಕೊರಕ ಬೀಳಬಾರದೆಂದು ಪ್ರತಿ ವರ್ಷ ಆಳುಗಳಿಗೆ ನಾರಿನ ಕೈಗವಸು ಹಾಕಿಸಿ ಅರೇಬಿಕಾದ ತೊಗಟೆ ಉಜ್ಜಿಸುವುದನ್ನು ನೋಡಿ ಬೆಳೆದವಳು ನಾನು. "ಮೆಲ್ಲಗೆ ಮಾರಾಯ, ಸಿಪ್ಪೆ ಹೋಗ್ಲಿ ಸಾಕು, ಹಸಿ ಕಾಣ್ಬಾರ್ದು," ಎಂದು ಅಪ್ಪ ಸಾಲಿನುದ್ದಕ್ಕೂ ಕೂಗುತ್ತ ಹೋಗುತ್ತಿದ್ದರು. ಹಸಿ ಕಂಡರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನನಗೆ ಬೇಕಾದದ್ದು ಆ ಹಸಿಯೇ.

ಡ್ಯಾಡಿಯ ಹಳೆಯ ರೇಜರ್ ಕೊಟ್ಟೆ. ಬ್ಲೇಡ್ ಬದಲಿಸಲಿಲ್ಲ. ನೀನು ಕಾನ್ವೆಂಟ್ ಹುಡುಗಿಯಂತೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಗುಳ್ಳೆ ಎದ್ದವು, ಒಡೆದವು, ದಿಂಬಿನ ಬಟ್ಟೆಯ ಮೇಲೆ ಹಳದಿ ಚುಕ್ಕಿಗಳು. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನೀನು ರೇಜರನ್ನು ಗದ್ದಕ್ಕೆ ತಾಗಿಸಿ ಹಿಂದಕ್ಕೆ ತೆಗೆದೆ. ಸಾಕು ಬಿಡು ಎಂದು ನನ್ನ ಬಾಯಿಗೆ ಬಂದಿತ್ತು — "ಇರ್ಲಿ ಮಮ್ಮಿ, ಡಾಕ್ಟರ್ ಹೇಳಿದಾರಲ್ಲ," ಅಂದೆ ನೀನೇ. ನಾನು ಟವೆಲ್ ಕೈಗೆ ಕೊಟ್ಟೆ.

ಮತ್ತೆ ಹೋಗುವಷ್ಟರಲ್ಲಿ ಆ ಡಾಕ್ಟರ್‌ಗೆ ಟ್ರಾನ್ಸ್‌ಫರ್ ಆಗಿತ್ತು. ಹೊಸಬರು ನಿನ್ನ ಮುಖ ನೋಡಿ ಹುಬ್ಬು ಗಂಟಿಕ್ಕಿದರು. ಆ ಸಿಪಾಯಿಯ ಗುಳ್ಳೆಗೆ ಹೇಳಿದ್ದ ಉದ್ದನೆಯ ಇಂಗ್ಲಿಷ್ ಹೆಸರಿನ ಕಾಯಿಲೆಯನ್ನೇ ನಿನಗೂ ಹೇಳಿದರು. ಲೇಸರ್‌ಗೆ ಒಪ್ಪಿಗೆ ಸಿಕ್ಕಿತು. ಕೂದಲು ಹೋಯಿತು, ನೀನು ಕಾಲೇಜಿಗೆ ಹೋದೆ, ಇವತ್ತು ಕಳಸದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೀಯ. ಕಲೆಗಳು ಉಳಿದವು.

ಆ ರೂಲ್‌ಗೆ ಮೋಸ ಮಾಡಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಇವತ್ತೂ ಇಲ್ಲ. ಗಂಡಸಿನ ಗದ್ದ ನುಣ್ಣಗಿರಬೇಕು ಎಂದು ಸೈನ್ಯ ಕೇಳಿದರೆ ಅದು ಡ್ಯೂಟಿ, ಅದರಿಂದ ಬಂದ ಗುಳ್ಳೆಗೆ ಔಷಧಿ. ಹುಡುಗಿಯ ಗದ್ದ ನುಣ್ಣಗಿರಬೇಕು ಎಂದು ಊರೆಲ್ಲ ಕೇಳಿದರೆ ಅದು ಬ್ಯೂಟಿ, ಅವಳು ಬಾಗಿಲು ಹಾಕಿಕೊಂಡು ಕೂತರೂ ಅದು ಕಾಯಿಲೆಯಲ್ಲ. ಡ್ಯಾಡಿ ಬದುಕಿದ್ದು ಇದನ್ನು ಕೇಳಿದ್ದರೆ ಸಿಡಿಯುತ್ತಿದ್ದರು. ಸಿಡಿಯಲಿ. ಯಾವ ಕರ್ನಲ್ ಮುಂದೆ ನಿಲ್ಲಿಸಿದರೂ ಇದನ್ನೇ ಹೇಳುತ್ತಿದ್ದೆ.

ಆದರೆ ನಿನ್ನನ್ನು ಕೇಳಬಹುದಿತ್ತು. ಹೀಗಿದೆ ರೂಲು, ಹೀಗೊಂದು ದಾರಿ, ನೋಯುತ್ತದೆ, ಕಲೆ ಉಳಿಯಬಹುದು, ಮಾಡೋಣವೇ ಎಂದು. ನೀನೇ ಬಹುಶಃ ರೇಜರ್ ಕೈಗೆತ್ತಿಕೊಳ್ಳುತ್ತಿದ್ದೆ, ನಾವಿಬ್ಬರೂ ಸೇರಿ ಮಾಡಿದ ಕಳ್ಳತನವಾಗುತ್ತಿತ್ತು ಅದು. ಅಥವಾ ಬೇಡ ಅನ್ನುತ್ತಿದ್ದೆ... ಆ ಬೇಡ ಎನ್ನುವ ಮಾತಿಗೇ ನಾನು ಹೆದರಿದ್ದು. ನಿನ್ನ ಮುಖ, ತೀರ್ಮಾನ ನನ್ನದು.

ಹೇಳದೆಯೇ ಹೋಗುತ್ತಿದ್ದೆನೇನೋ. ಮೊನ್ನೆ ನೀನು ಮಗಳು ದಿಯಾಳನ್ನು ಕರೆದುಕೊಂಡು ಬಂದಿದ್ದೆ. ಹದಿನೈದು ವರ್ಷದ ಹುಡುಗಿ, ಮಾತಾಡುವಾಗ ಗದ್ದಕ್ಕೆ ಕೈ ಅಡ್ಡ ಹಿಡಿಯುತ್ತಾಳೆ. ನೀನು ಅವಳಿಗೆ ನಿನ್ನ ಕಲೆ ತೋರಿಸಿ, "ನಮ್ದು ಸ್ಕಿನ್ನೇ ಕೆಟ್ಟದ್ದು ಪುಟ್ಟಾ. ಯಾವ ಡಾಕ್ಟರ್ ಹತ್ರ ಹೋದ್ರೂ ಹೀಗೇ ಆಗೋದು. ಸುಮ್ನೆ ಇದ್ಬಿಡು," ಅಂದೆ. ನಾನು ಅಲ್ಲೇ ಕಾಫಿ ಸೋಸುತ್ತಿದ್ದೆ. ನನ್ನ ಸುಳ್ಳು ನಿನ್ನ ಬಾಯಿಂದ ಆ ಮಗುವಿನ ಕಿವಿಗೆ ಹೋಗುವುದನ್ನು ಕೇಳಿಸಿಕೊಂಡು ಸಕ್ಕರೆ ಹಾಕಿ ಕಲಕಿದೆ.

ಭಾನುವಾರ ಅವಳನ್ನು ಕರೆದುಕೊಂಡು ಬಾ. ಕಿಟಕಿಯ ಪಕ್ಕ, ಬೆಳಕಿನಲ್ಲಿ ನಿನ್ನನ್ನು ಕೂರಿಸಿ, ಗದ್ದ ಎತ್ತಿ ಹಿಡಿದು, ಅವಳೆದುರೇ ಹೇಳುತ್ತೇನೆ: ನಿನ್ನ ಅಮ್ಮನ ಚರ್ಮ ಚೆನ್ನಾಗಿತ್ತು, ಪುಟ್ಟಾ. ತುಂಬ ಚೆನ್ನಾಗಿತ್ತು.

ಆಮೇಲೆ ನೀನು ನನ್ನ ಕೈ ಕೊಡವಿ ಎದ್ದು ಹೋದರೆ ತಡೆಯುವುದಿಲ್ಲ.