ಬೇಡದ ಪತ್ರಕ್ಕೂ ಉತ್ತರ ಬರೆದವರು

ಮೂವತ್ತು ವರ್ಷ ಅಂಚೆ ಮೊಹರು ಕುಟ್ಟಿದ ಅವರ ಬಲ ಅಂಗೈಯಲ್ಲಿ, ಹೆಬ್ಬೆರಳ ಬುಡಕ್ಕೆ, ಹುಣಸೆಬೀಜದಷ್ಟು ದೊಡ್ಡ ಗಂಟು ಕಟ್ಟಿತ್ತು. ಕಂಪ್ಯೂಟರಿನ ಕೀಲಿಗಳನ್ನೂ ಅದೇ ಕೈಯ ಒಂದು ಬೆರಳಿನಿಂದ, ಮೊಹರಿನಷ್ಟೇ ಜೋರಾಗಿ ಒತ್ತುತ್ತಿದ್ದರು.

ನಿವೃತ್ತಿಯ ನಂತರ ಪಾಂಡವಪುರದಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದ ಅವರು ಎಲ್ಲರಿಗೂ ಪೋಸ್ಟ್‌ಮಾಸ್ಟರೇ. ತೊಂಬತ್ತರ ದಶಕದ ಕೊನೆಯಲ್ಲಿ ಬೂತಿಗೆ ಕಂಪ್ಯೂಟರು ಬಂತು. ನಾನು ಆಗ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಸುದ್ದಿಯನ್ನು ಅಲ್ಲಿಂದಲೇ ಫ್ಯಾಕ್ಸ್ ಮಾಡುತ್ತಿದ್ದೆ.

ಅವರ ಹೆಸರಿನ ಒಂದೇ ಇ-ಮೇಲ್ ಪೆಟ್ಟಿಗೆ ಸುತ್ತಲ ನಾಲ್ಕಾರು ಹಳ್ಳಿಗಳಿಗೆ ಆಗುತ್ತಿತ್ತು. ಮಸ್ಕತ್‌ನಲ್ಲಿ ಲಾರಿ ಓಡಿಸುತ್ತಿದ್ದ ನನ್ನ ಭಾವ, ಕ್ಯಾತನಹಳ್ಳಿಯಲ್ಲಿದ್ದ ಅಕ್ಕನಿಗೆ ಬರೆಸುತ್ತಿದ್ದುದೂ ಆ ಪೆಟ್ಟಿಗೆಗೇ. ಇಂಗ್ಲಿಷ್ ಅಕ್ಷರದಲ್ಲಿ ಬಂದ ಕನ್ನಡವನ್ನು ಪೋಸ್ಟ್‌ಮಾಸ್ಟರು ನಮ್ಮ ಲಿಪಿಯಲ್ಲಿ ದುಂಡಗೆ ಬರೆದು, ಮಡಿಸಿ ಅಂಟಿಸಿ, ಸೈಕಲ್ಲಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದರು. ಒಳಗಿನ ವಿಷಯವನ್ನು ಅವರು ಯಾರೊಂದಿಗೂ ಆಡಿದ್ದು ನನಗೆ ಗೊತ್ತಿಲ್ಲ. ಫೋನ್ ಮಾಡುವ ದಿನ, ಗಂಟೆಯನ್ನು ಭಾವ ಮೊದಲೇ ಪತ್ರದಲ್ಲಿ ತಿಳಿಸುತ್ತಿದ್ದರು. ಆ ಹೊತ್ತಿಗೆ ಅಕ್ಕ ಬೂತಿಗೆ ಬಂದು ಕೂರುತ್ತಿದ್ದಳು.

ಅದೇ ಪೆಟ್ಟಿಗೆಗೆ ಬೇಡದ ಪತ್ರಗಳೂ ಬರತೊಡಗಿದವು. ಲಾಟರಿ, ಸಾಲ, ಬೊಜ್ಜು ಕರಗಿಸುವ ಗುಳಿಗೆ. ಅವರು ನಿಘಂಟು ಇಟ್ಟುಕೊಂಡು ಪ್ರತಿಯೊಂದನ್ನೂ ಓದಿ, ತಮ್ಮ ಪತ್ರ ತಲುಪಿತು, ನಮಗೆ ಬೇಡ, ದಯವಿಟ್ಟು ಇನ್ನು ಕಳಿಸಬೇಡಿ ಎಂದು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು. ನಾನು ನಕ್ಕೆ.

“ಬಾಗ್ಲಿಗೆ ಬಂದವ್ರಿಗೆ ಮುಂದುಕ್ ಹೋಗಪ್ಪ ಅಂತಾನಾದ್ರೂ ಹೇಳ್ಬೇಕಲ್ವಾ?” ಎಂದರು.

ಉತ್ತರ ಹೋದಷ್ಟೂ, ಇಲ್ಲಿ ಓದುವವರಿದ್ದಾರೆ ಎಂದು ಕಳಿಸುವವರಿಗೆ ಖಾತ್ರಿಯಾಗುತ್ತದೆ, ಇನ್ನಷ್ಟು ಕಳಿಸುತ್ತಾರೆ. ಇದು ಆಗ ಅವರಿಗೂ ಗೊತ್ತಿರಲಿಲ್ಲ, ನನಗೂ. ಒಂದು ವಾರ ಪೆಟ್ಟಿಗೆ ಪೂರ್ತಿ ತುಂಬಿಹೋಯಿತು.

ಆ ಶುಕ್ರವಾರ ಹತ್ತು ಗಂಟೆಗೆ ಭಾವನ ಫೋನ್ ಬಂತು. ಅಕ್ಕ ಬಂದಿರಲಿಲ್ಲ. ಮಾತು ಮುಗಿಯುವ ಮೊದಲೇ ಲೈನು ಕಡಿದುಹೋಯಿತು. ಪೋಸ್ಟ್‌ಮಾಸ್ಟರು ಸೈಕಲ್ ತುಳಿದು ಹೋಗಿ ಅಕ್ಕನನ್ನು ಕರೆತಂದರು. ಬೂತು ಮುಚ್ಚುವವರೆಗೆ ಕಾದರೂ ಮತ್ತೆ ಫೋನ್ ಬರಲಿಲ್ಲ. ಮರುದಿನ ಆಪರೇಷನ್ ಟೇಬಲ್ಲಿನ ಮೇಲೆ ಭಾವ ತೀರಿಕೊಂಡರು. ಆಪರೇಷನ್ನಿಗೆ ಮೊದಲು ಮಾತಾಡಬೇಕು, ಶುಕ್ರವಾರ ಹತ್ತಕ್ಕೆ ಬೂತಿಗೆ ಬಾ ಎಂದು ಮೊದಲೇ ಬರೆಸಿದ್ದ ಪತ್ರ, ಪೆಟ್ಟಿಗೆ ತುಂಬಿದೆ ಎಂದು ವಾಪಸಾಗಿತ್ತೆಂದು ಅವರ ಜೊತೆಗಾರ ಆಮೇಲೆ ತಿಳಿಸಿದ.

ತಿಥಿಯ ಮಾರನೆಯ ದಿನ ಪೋಸ್ಟ್‌ಮಾಸ್ಟರು ಅಕ್ಕನ ಮನೆಗೆ ಬಂದರು. ಕೊಟ್ಟ ನೀರು ಮುಟ್ಟಲಿಲ್ಲ. ತಮ್ಮ ಉತ್ತರಗಳಿಂದಲೇ ಪೆಟ್ಟಿಗೆ ತುಂಬಿತೆಂದು ನಿಂತೇ ಎಲ್ಲವನ್ನೂ ಹೇಳಿದರು. ಅಕ್ಕ ಬೈಯಲಿಲ್ಲ.

“ಅವತ್ತು ಅವ್ರು ಏನ್ ಕೇಳುದ್ರು? ಅದ್ನೇಳಿ ಸಾಕು.”

“‘ಬಂದವ್ಳಾ?’ ಅಂದ್ರು ಕಣವ್ವ. ನಾನು ಇಲ್ಲ ಅಂದ್ಬುಟ್ಟೆ.”

ಹೊರಗೆ ಬಂದ ಮೇಲೆ ಅವರು ನನ್ನನ್ನು ಕೇಳಿಕೊಂಡದ್ದು ಒಂದೇ: ಇದನ್ನು ಪತ್ರಿಕೆಯಲ್ಲಿ ಬರೆಯಬೇಕು, ಯಾರ ತಪ್ಪೆಂದೂ ಬರೆಯಬೇಕು, ಇನ್ನೊಬ್ಬರು ಹೀಗೆ ಉತ್ತರ ಬರೆಯುತ್ತ ಕೂರಬಾರದು. ನಾನು ಎಂಟು ಸಾಲು ಬರೆದೆ. ತಾಂತ್ರಿಕ ತೊಂದರೆಯಿಂದ ಪತ್ರ ತಲುಪಲಿಲ್ಲ ಎಂದು.

ಅವರು ಓದಿ ಪತ್ರಿಕೆ ಮಡಿಸಿದರು. “ಮನುಸನ್ನ ಬುಟ್ಟು ತಪ್ಪ ಪೆಟ್ಗೆ ಮೇಲೆ ಹಾಕ್ಬುಟ್ಯಲ್ಲಪ್ಪ.”

ಆಮೇಲೆ ಬೇರೆ ಪೆಟ್ಟಿಗೆ ತೆರೆದರು. ಅದರ ವಿಳಾಸವನ್ನು ಮನೆಯವರಿಗಲ್ಲದೆ ಯಾರಿಗೂ ಕೊಡಬೇಡಿ ಎಂದು ಬೂತಿನ ಗಾಜಿಗೆ ಚೀಟಿ ಅಂಟಿಸಿದರು. ಅದಕ್ಕೂ ಅಪರಿಚಿತರ ಪತ್ರ ಬಂದರೆ ಓದದೆ ಅಳಿಸುತ್ತಿದ್ದರು. ಅಳಿಸುವಾಗ ಮುಖ ಆಚೆಗೆ ತಿರುಗಿಸುತ್ತಿದ್ದರು.

ಮುಂದಿನ ವರ್ಷ ಕಾಮಾಲೆಯಾಗಿ ಅವರು ತೀರಿಕೊಂಡರು. ನಿಧನವಾರ್ತೆಯನ್ನು ನಾನೇ ಬರೆದೆ: ಸೇವೆ, ಸಜ್ಜನಿಕೆ, ಬಂಧುಬಳಗ. ಅವರು ಬರೆ ಎಂದು ಕೇಳಿದ್ದು ಅದರಲ್ಲೂ ಇರಲಿಲ್ಲ. ಈಗ ಬರೆದಿದ್ದೇನೆ. ಓದಬೇಕಾದವರು ಇಲ್ಲ.