ಎತ್ತಿಲ್ಲದ ಚಕ್ಕಡಿಯಲ್ಲಿ ಅತ್ತೆಯ ರಿವ್ಯೂ

“ಎತ್ತು ಎಲ್ಲಿ ಅದಾವೋ?” ಕಾರಿನಿಂದ ಇಳಿದ ಅತ್ತೆ ಕೇಳಿದ ಮೊದಲ ಪ್ರಶ್ನೆ ಇದು.

ಎದುರಿಗೆ ಹುಲ್ಲಿನ ನಡುವೆ ಒಂದು ಬಂಡಿ ನಿಂತಿತ್ತು. ಮರದ ದೊಡ್ಡ ಚಕ್ರ, ಮೇಲೆ ಕಮಾನಿನ ಹಾಗೆ ಬಾಗಿಸಿ ಹೊದಿಸಿದ ಬಿಳಿ ಬಟ್ಟೆ, ಒಳಗೆ ಹಾಸಿಗೆ. ಕ್ರೋಯ್ಡನ್ ದಾಟಿ ಲಂಡನ್ನಿನ ಅಂಚಿನಲ್ಲಿರುವ ಈ ಕ್ಯಾಂಪ್‌ಸೈಟಿನಲ್ಲಿ ಟೆಂಟಿನ ಬದಲು ಇಂಥ ಬಂಡಿಯಲ್ಲಿ ಮಲಗಬಹುದು. ಅದಕ್ಕೆ ಹೋಟೆಲಿಗಿಂತ ಹೆಚ್ಚು ಬಾಡಿಗೆ ಬೇರೆ!

“ಇದು ಎಲ್ಲೂ ಹೋಗಂಗಿಲ್ಲವ್ವ, ನಿಂತ ಇರತೈತಿ,” ಅಂದ ನನ್ನ ಗಂಡ ಬಸು, ಉಬ್ಬಿ ಹೋಗಿ.

ಅತ್ತೆ ಚಕ್ರವನ್ನೊಮ್ಮೆ ಮುಟ್ಟಿ ನೋಡಿದರು.

ಬಸುವಿನ ಲೆಕ್ಕಾಚಾರ ಹೇಳಿಬಿಡುತ್ತೇನೆ. ಮಾವ ಹೋದ ವರ್ಷ ತೀರಿಕೊಂಡರು. ಅತ್ತೆಯನ್ನು ಹೌನ್ಸ್ಲೋದ ನಮ್ಮ ಫ್ಲ್ಯಾಟಿಗೆ ಕರೆಸಿಕೊಂಡೆವು, ಆದರೆ ಬಂದಾಗಿನಿಂದ ಮಾತೇ ಕಡಿಮೆ. ಊಟಕ್ಕೆ ಕರೆದರೆ ಬರುತ್ತಾರೆ, ಕೈ ತೊಳೆದು ಹೋಗಿ ಕಿಟಕಿ ಮುಂದೆ ಕೂರುತ್ತಾರೆ.

ಮುಂದಿನ ವಾರ ಊರಿಗೆ ವಾಪಸ್ ಫ್ಲೈಟು. ಅಷ್ಟರೊಳಗೆ ಅವ್ವ ಒಂದು ಸಲ ಬಾಯ್ತುಂಬ ನಗಬೇಕು ಅನ್ನುವುದು ಬಸುವಿನ ಆಸೆ.

ಬಾಗಲಕೋಟೆ ಕಡೆಯ ಅವರ ಹಳೇ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವಾಗ, ಮಾವ ಇಡೀ ಸಂಸಾರವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೊಸ ಊರಿಗೆ ಬಂದಿದ್ದರು. ಅವರ ಕಡೆ ಎತ್ತಿನ ಗಾಡಿಗೆ ಚಕ್ಕಡಿ ಅನ್ನುತ್ತಾರೆ. ಬಸು ಆಗ ಕೈಗೂಸು.

ಆ ಪ್ರಯಾಣದ ಕಥೆಯನ್ನು ಮಾವ ಹೇಳಿದ್ದೇ ಹೇಳಿದ್ದು. ಎತ್ತು ಹಠ ಹಿಡಿದದ್ದು, ಕೋಳಿ ತಪ್ಪಿಸಿಕೊಂಡು ಓಡಿದ್ದು, ಬಯಲಲ್ಲಿ ಕೂತು ರೊಟ್ಟಿ ಬುತ್ತಿ ಬಿಚ್ಚಿದ್ದು... ಕೇಳಿದವರು ನಕ್ಕು ನಕ್ಕು ಸುಸ್ತು. ನಾನು ಮೈಸೂರಿನವಳು. ಮದುವೆಯಾದ ಹೊಸದರಲ್ಲಿ ಅದನ್ನು ಕೇಳಿ, ಅಯ್ಯೋ ನನಗೆ ಆ ಭಾಗ್ಯ ಇಲ್ಲವಲ್ಲ ಅಂದುಕೊಂಡಿದ್ದೆ.

ಆ ಭಾಗ್ಯವನ್ನೇ ಬಸು ಬುಕ್ ಮಾಡಿದ್ದ!

ಮಧ್ಯಾಹ್ನಕ್ಕೆ ಮಳೆ ಹಿಡಿಯಿತು. ಬಾರ್ಬೆಕ್ಯೂ ಇದ್ದಿಲು ಹೊಗೆಯಾಡಿತೇ ಹೊರತು ಹತ್ತಲಿಲ್ಲ. ಬಂಡಿಯ ತುಂಬ ಬ್ಯಾಟರಿ ದೀಪದ ಸರ ಮಿಣಮಿಣ ಅನ್ನುತ್ತಿದೆ, ಕೆಟಲ್ ಹಾಕಲು ಒಂದು ಪ್ಲಗ್ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಟಾಯ್ಲೆಟ್ಟಿಗೆ ಕೆಸರು ತುಳಿದು ಇಡೀ ಹೊಲ ದಾಟಬೇಕು.

ನಾನು ಗೊಣಗತೊಡಗಿದೆ. ಹನ್ನೆರಡು ವರ್ಷದ ಮಗಳು ಗೌರಿ, “ಒನ್ ಸ್ಟಾರ್! ಐ ಆ್ಯಮ್ ಗಿವಿಂಗ್ ದೆಮ್ ಒನ್ ಸ್ಟಾರ್,” ಅಂತ ಫೋನ್ ತೆಗೆದಳು. ಬಸುವಿನ ಮುಖ ನೋಡುವ ಹಾಗಿರಲಿಲ್ಲ.

ಮೂಲೆಯಲ್ಲಿ ಕಾಲು ಮಡಚಿ ಕೂತಿದ್ದ ಅತ್ತೆ, ಅದೇನು ಸ್ಟಾರು ಅಂತ ಕೇಳಿದರು.

ಗೌರಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ನಾನೇ ವಿವರಿಸಿದೆ. ಎಲ್ಲಿಗಾದರೂ ಹೋದರೆ ಅಲ್ಲಿ ಏನು ಸರಿಯಿರಲಿಲ್ಲ ಅಂತ ಬರೆಯಬಹುದು, ಐದಕ್ಕೆ ಎಷ್ಟು ಅಂತ ಮಾರ್ಕ್ಸ್ ಕೊಡಬಹುದು.

“ಹಿಂಗ್ ಬೈದ್ರ ಅವ್ರು ಸಿಟ್ಟಿಗೇಳಂಗಿಲ್ಲೇನು?”

“ನೋ ಅಜ್ಜಿ, ದೇ ಸೇ ಸಾರಿ.”

ಅತ್ತೆ ಮೂಲೆ ಬಿಟ್ಟು ಗೌರಿಯ ಹತ್ತಿರ ಸರಿದು ಕೂತರು. “ಹಂಗಾದ್ರ ನಂದೂ ಒಂದು ಬರಕೋ. ಇದರದ್ದಲ್ಲ. ನಮ್ಮ ಚಕ್ಕಡೀದು.”

ಆಮೇಲೆ ಶುರುವಾಯಿತು ನೋಡಿ...

ಚಕ್ಕಡಿಯ ಮೇಲೆ ಕಟ್ಟಿದ್ದ ತಾಡಪಾಲು ಸೋರುತ್ತಿತ್ತಂತೆ. ಹಳೇ ಮನೆಯ ಬಾಗಿಲು, ತೊಲೆ ಎಲ್ಲ ಕಿತ್ತು ಹೇರಿದ್ದರಿಂದ ಕೂರಲು ಜಾಗವೇ ಇಲ್ಲ, ತೊಲೆಯ ತುದಿ ದಾರಿಯುದ್ದಕ್ಕೂ ಬೆನ್ನಿಗೆ ತಿವಿಯಿತು. ಗುಂಡಿ ಬಂದಾಗಲೆಲ್ಲ ಬೀಸುಕಲ್ಲು ಉರುಳಿ ಕಾಲ ಮೇಲೆ. ಬಹಿರ್ದೆಸೆಗೆ ಕತ್ತಲಾಗುವ ತನಕ ಕಾಯಬೇಕು. ಇದ್ದ ಒಂದೇ ಒಳ್ಳೆಯ ಸೀರೆಯ ಮೇಲೆ ಕೂಸು ವಾಂತಿ ಮಾಡಿತು.

ನಾವೆಲ್ಲ ಆ ಕೂಸಿನ ಕಡೆ ನೋಡಿದೆವು. ಕೂಸಿಗೆ ಈಗ ಅರ್ಧ ತಲೆ ಬೋಳು.

“ನಿಮ್ಮಜ್ಜಂದು ಕೇಳಬ್ಯಾಡ. ಬಾವಿ ಕಂಡಲ್ಲಿ ನಿಲ್ಲಸೋದು, ಮಂದಿ ಜೋಡಿ ಹರಟಿ ಹೊಡಿಯೋದು. ಒಳಗ ನಾವು ಸತ್ತೇವೋ ಬದಕೇವೋ ನೋಡಲಿಲ್ಲ. ಬರಕೊಂಡಿ?”

“ರೈಟಿಂಗ್, ರೈಟಿಂಗ್!” ಗೌರಿ ಬಿದ್ದು ಬಿದ್ದು ನಗುತ್ತಿದ್ದಳು. ನನಗೂ ತಡೆಯಲಾಗಲಿಲ್ಲ.

ಆಗ ಅತ್ತೆಯೂ ನಕ್ಕರು. ಸೆರಗು ಬಾಯಿಗಿಟ್ಟುಕೊಂಡು, ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರುವ ಹಾಗೆ. ಮಾವನ ಕಥೆಗೆ ಮನೆಯವರೆಲ್ಲ ನಗುವಾಗ ಅತ್ತೆ ಮಾತ್ರ ಅಡುಗೆಮನೆಯಲ್ಲೇ ಇರುತ್ತಿದ್ದರು ಅನ್ನುವುದು ನನಗೆ ಆಗಲೇ ಹೊಳೆದದ್ದು.

ಬಸು ನಗಲಿಲ್ಲ. “ಇದನ್ನೆಲ್ಲ ನೀ ಯಾವತ್ತೂ ಹೇಳೇ ಇಲ್ಲಲ್ಲವ್ವ?”

“ಯಾರರೆ ಕೇಳಿದ್ರೇನು?”

ನಿಜ ಹೇಳುತ್ತೇನೆ, ನನಗೆ ತುಂಬಾ ನಾಚಿಕೆಯಾಯಿತು. ಇಷ್ಟು ವರ್ಷ ನಾನೂ ಮಾವನನ್ನೇ ಕೇಳುತ್ತಿದ್ದೆ.

ಇನ್ನೊಂದು ದೂರು ಉಳಿದಿತ್ತು. ಊರ ಹೊರಗೆ ಒಂದು ದಿಬ್ಬ. ಅವರ ಮನೆ ಕಾಣುವ ಕಡೇ ಜಾಗ ಅದು. ಒಮ್ಮೆ ನಿಲ್ಲಿಸಿ, ನೋಡಿಬಿಡುತ್ತೇನೆ ಅಂತ ಅತ್ತೆ ಎಷ್ಟು ಬೇಡಿಕೊಂಡರೂ ಮಾವ ನಿಲ್ಲಿಸಲಿಲ್ಲವಂತೆ. ಹಿಂದಕ್ಕೆ ತಿರುಗಿಯೂ ನೋಡಲಿಲ್ಲವಂತೆ.

“ದಟ್ಸ್ ಸೋ ಮೀನ್! ಸೋ... ಒನ್ ಸ್ಟಾರ್, ಅಜ್ಜಿ?”

“ಒಂದ ಕೊಡು. ಒಂದೂ ಹೆಚ್ಚಾತು.”

ಗೌರಿಗೆ ಟ್ಯಾಕ್ಸಿ ಆ್ಯಪ್ ನೆನಪಾಯಿತೋ ಏನೋ. “ಆ್ಯಂಡ್ ದ ಡ್ರೈವರ್?” ಅಂದಳು. ಗಾಡಿ ಹೊಡೆದವರಿಗೆ ಬೇರೆಯಾಗಿ ಸ್ಟಾರ್ ಕೊಡಬೇಕಂತೆ ಅಂತ ನಾನು ಅತ್ತೆಗೆ ಹೇಳಿದೆ.

ಅತ್ತೆ ಬಟ್ಟೆಯ ಮೇಲೆ ಬೀಳುವ ಮಳೆಯನ್ನೇ ಕೇಳುತ್ತಾ ಕೂತರು. ಆಮೇಲೆ ನಿಧಾನವಾಗಿ ಹೇಳಿದರು.

“ದಿಬ್ಬ ಇಳದ ಮ್ಯಾಲೆ ಟವಲ್ಲಿಲೆ ಕಣ್ಣು ಮಾರಿ ಒರಸ್ಕೊಳ್ಳಾಕತ್ತಿದ್ರು. ನಾ ಹಿಂದ ಕುಂತು ನೋಡೇನಿ. ಬಾವಿ ಬಂತಂದ್ರ ಇಳದು ಮಾರಿ ತೊಳಕೊಂಡು, ಮಂದೀಗೆ ಏನರೆ ನಗೋ ಮಾತು ಹೇಳೋರು. ಮತ್ತ ಚಕ್ಕಡಿ ಏರಿ ಒರಸ್ಕೊಳ್ಳೋರು.”

ಗೌರಿಯ ಬೆರಳು ಫೋನಿನ ಮೇಲೆ ಹಾಗೇ ನಿಂತಿತ್ತು.

“ಅವರಿಗೆ ಐದೂ ಕೊಡವಾ,” ಅಂದರು ಅತ್ತೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಪ್ರಯಾಣದ ಕಥೆ ಇರಬೇಕಲ್ಲ... ಅದನ್ನು ನಿಮಗೆ ಹೇಳಿದ್ದು ಬಂಡಿ ಹೊಡೆದವರೋ, ಒಳಗೆ ಕೂತವರೋ?