ಖಾಲಾ ಸಾಕಿದ ಮೀನು

ಖಾಲಾ ಅವರ ಬಲಗೈಯ ತೋರುಬೆರಳು ಮೊದಲ ಗೆಣ್ಣಿನ ತನಕ ಚಹಾದ ಬಣ್ಣಕ್ಕೆ ತಿರುಗಿತ್ತು. ಎಷ್ಟು ತಿಕ್ಕಿದರೂ ಹೋಗದ ಕಲೆ. ದಿನಾ ಬೆಳಿಗ್ಗೆ ಆ ಬೆರಳನ್ನು ಗಾಜಿನ ಭರಣಿಯ ನೀರಿನಲ್ಲಿ ಅದ್ದಿ, ಕೂಸಿಗೆ ಎರೆಯುವ ನೀರಿನ ಬಿಸಿ ನೋಡುವ ಹಾಗೆ ಕಣ್ಣು ಮುಚ್ಚಿ ನೋಡುತ್ತಿದ್ದರು. ಭರಣಿಯಲ್ಲಿ ಒಂದೇ ಒಂದು ಮೀನು. ಹೆಬ್ಬೆರಳಿನಷ್ಟು ಉದ್ದ, ನೇರಳೆ ಹಣ್ಣಿನ ಬಣ್ಣ, ಮೈಗಿಂತ ದೊಡ್ಡ ಬಾಲ.

ನಾನು ಕಮಲಾಪುರದ ಹುಡುಗಿ. ಮದುವೆಯಾಗಿ ಕಲಬುರ್ಗಿಗೆ ಬಂದಾಗ ಹದಿನಾರು ವರ್ಷ. ಗಂಡ ನಿಜಾಮರ ಸರಕಾರದ ಕಚೇರಿಯಲ್ಲಿ ಗುಮಾಸ್ತರು, ತಿಂಗಳಿಗೆ ಇಪ್ಪತ್ತು ದಿನ ಸಾಹೇಬರ ಹಿಂದೆ ಊರೂರು ತಿರುಗುವ ಕೆಲಸ. ಮನೆಯಲ್ಲಿ ಅತ್ತೆ ಮತ್ತು ನಾನು. ಅತ್ತೆಗೆ ಲಿಂಗಪೂಜೆ, ನನಗೆ ಒಲೆ. ಹೊತ್ತೇ ಹೋಗುತ್ತಿರಲಿಲ್ಲ. ಮಾತಿಲ್ಲದೆ ಬಾಯಿ ಒಣಗಿ ಹೋಗುತ್ತಿತ್ತು, ಸುಳ್ಳಲ್ಲ.

ರೋಜಾ ದರ್ಗಾದ ಹಿಂದಿನ ಓಣಿ ಅದು. ಹಿತ್ತಲ ಗೋಡೆ ಎದೆಮಟ್ಟದ್ದು, ಅದರಾಚೆ ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮುದುಕಿಯ ಮನೆ. ಅವರೂ ಒಬ್ಬರೇ. ಗೋಡೆಯ ಆ ಕಡೆಯಿಂದ ಅವರೇ ಮೊದಲು ಮಾತಾಡಿಸಿದ್ದು.

"ಯಾವೂರ ಬೇಟಿ ನಿಂದು?"

"ಕಮಲಾಪುರ್ರಿ."

"ಅರೇ! ಕೆಂಪ ಬಾಳಿಹಣ್ಣಿನ ಕಮಲಾಪುರ? ನಿಮ್ಮಣ್ಣ ಬಂದ್ರ ನನಗೊಂದಿಷ್ಟು ತರಿಸಿ ಕೊಡ್ತೀ ಏನು?"

"ಹಣ್ಣೇನ್ರಿ?"

"ಹಣ್ಣ ನೀವ ತಿನ್ರಿ. ನನಗ ಒಣಗಿದ ಎಲಿ ಬೇಕು."

ಬಂಡಿಯಲ್ಲಿ ಹಣ್ಣು ಹೇರಿಕೊಂಡು ಬಂದ ಅಣ್ಣ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಣ್ಣ ಬಿಟ್ಟು ತರಗು ಕೇಳೋ ಮುದುಕಿನ್ನ ಎಲ್ಲಿ ಹುಡುಕಿದ್ಯವ್ವಾ!" ಆದರೂ ಮುಂದಿನ ಸಲ ಒಂದು ಕಟ್ಟು ಒಣಎಲೆ ತಂದ. ಖಾಲಾ ಅದನ್ನು ತೊಳೆದು, ಬಿಸಿಲಲ್ಲಿ ಒಣಗಿಸಿ, ಅಂಗೈಯಗಲ ಕತ್ತರಿಸಿ ಭರಣಿಗೆ ಬಿಟ್ಟರು. ನೀರು ಚಹಾದಂತೆ ಕೆಂಪಾಯಿತು. ಇದರಿಂದ ರೆಕ್ಕೆ ಕೊಳೆಯುವುದಿಲ್ಲವಂತೆ. ಬೆರಳಿನ ಕಲೆಯ ಗುಟ್ಟು ಆಗ ತಿಳಿಯಿತು.

ಮೀನು ತಂದವನು ಅವರ ಒಬ್ಬನೇ ಮಗ. ಮುಂಬಯಿಯ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ಸಯಾಮ್ ದೇಶದಿಂದ ತಂದು ತಾಯಿಯ ಕೈಗೆ ಕೊಟ್ಟು, "ಬರೋ ಉರುಸಿಗೆ ಬರ್ತೀನಿ ಅಮ್ಮಾ, ಅಲ್ಲೀತನ ಜ್ವಾಪಾನ ಮಾಡು," ಎಂದು ಹೋಗಿದ್ದ. ಅದಕ್ಕೇ ಖಾಲಾಗೆ ಆ ಮೀನಿನ ಮೇಲೆ ಅಷ್ಟು ಜೀವ. ಉರುಸಿನ ತನಕ ಅದು ಬದುಕಬೇಕು, ಮಗ ಬಂದು ನೋಡಬೇಕು.

ಎಲ್ಲವನ್ನೂ ನನಗೆ ಕಲಿಸಿದರು. ಬಾವಿಯ ನೀರನ್ನು ಒಂದು ದಿನ ಗಡಿಗೆಯಲ್ಲಿ ಇಟ್ಟು ಆಮೇಲೆಯೇ ಹಾಕಬೇಕು. ನೀರನ್ನೆಲ್ಲ ಒಮ್ಮೆಗೇ ಚೆಲ್ಲಬಾರದು, ಮೂರರಲ್ಲಿ ಒಂದು ಪಾಲು ಮಾತ್ರ ಬದಲಿಸಬೇಕು. ಅದು ಮೇಲೆ ಬಂದು ಗಾಳಿ ಕುಡಿಯುವ ಜೀವ, ಬಾಯಿಮಟ್ಟ ತುಂಬಿಸಬಾರದು. ಹಾರದಂತೆ ಮೇಲೆ ತೆಳ್ಳನೆ ಬಟ್ಟೆ ಕಟ್ಟಬೇಕು. ತಿನ್ನಲಿಕ್ಕೆ ಕಲ್ಲುಬಾನಿಯ ಸೊಳ್ಳೆಹುಳ, ಐದೋ ಆರೋ, ಹೆಚ್ಚಾದರೆ ಹೊಟ್ಟೆ ಉಬ್ಬುತ್ತದೆ. ವಾರಕ್ಕೊಂದು ದಿನ ಉಪವಾಸ. "ಸೋಮವಾರ ನೀನೂ ಒಪ್ಪತ್ತು, ಇದೂ ಒಪ್ಪತ್ತು," ಎಂದು ನಗುತ್ತಿದ್ದರು.

"ಇನ್ನೊಂದು ಮೀನ ತಂದು ಜೋಡಿ ಮಾಡ್ರೆಲಾ ಖಾಲಾ," ಅಂದೆ ಒಮ್ಮೆ.

"ಕಡದಾಡಿ ಸಾಯ್ತಾವ ಬೇಟಿ. ಒಂದೇ ಇರಬೇಕು."

ಆದರೂ ಆ ಮೀನು ನೀರಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಬಿಟ್ಟು ನೊರೆಯ ಗೂಡು ಕಟ್ಟುತ್ತಿತ್ತು. ಹೆಣ್ಣು ಬಂದರೆ ಮೊಟ್ಟೆ ಇಡಲಿಕ್ಕಂತೆ. ಬರುವವರು ಯಾರೂ ಇರಲಿಲ್ಲ. ನಾವಿಬ್ಬರೂ ಗೋಡೆಯ ಈಚೆ ಆಚೆ ನಿಂತು ಅದನ್ನು ನೋಡುತ್ತಿದ್ದೆವು.

ಉರುಸಿಗೆ ಇನ್ನೊಂದು ತಿಂಗಳಿತ್ತು, ಕಡು ಬೇಸಿಗೆ. ಹೈದರಾಬಾದಿನಲ್ಲಿದ್ದ ಅವರ ತಂಗಿಗೆ ಜೋರು ಕಾಯಿಲೆ ಎಂದು ಅಲ್ಲಿಂದ ಸುದ್ದಿ ಬಂತು. "ಹತ್ತು ದಿನ ನಿಮ್ಮ ಒಳಕ್ವಾಣ್ಯಾಗ ತಂಪಿಗಿ ಇಟ್ಕೋ ಬೇಟಿ," ಎಂದರು ಖಾಲಾ. ನಾನು ಅತ್ತೆಯನ್ನು ಕೇಳಿದೆ. "ಮೀನ? ಲಿಂಗಪೂಜಾ ಮನಿಯೊಳಗ? ತಲಿಗಿಲಿ ಕೆಟ್ಟದೇನ ನಿನಗ?" ಅಲ್ಲಿಗೆ ಮುಗಿಯಿತು. ಹೋಗಿ ಖಾಲಾಗೆ "ಆಗಂಗಿಲ್ರಿ" ಅನ್ನಬೇಕಿತ್ತು. ಹೇಡಿ ನಾನು. "ಆಯ್ತ್ರಿ ಖಾಲಾ, ಒಳಗೇ ಇಡ್ತೀನಿ," ಅಂದು ಭರಣಿ ಇಸಿದುಕೊಂಡೆ.

ಹಿತ್ತಲ ಬೇವಿನ ಗಿಡದ ಕೆಳಗೆ ಇಟ್ಟೆ. ನೆರಳು ಸರಿದ ಹಾಗೆಲ್ಲ ಭರಣಿ ಸರಿಸಿದೆ, ಒದ್ದೆ ಬಟ್ಟೆ ಸುತ್ತಿದೆ. ಏಳು ದಿನ ಹೀಗೇ ನಡೆಯಿತು. ಎಂಟನೆಯ ದಿನ ಅತ್ತೆಯ ತವರಿನವರು ಎಂಟು ಮಂದಿ ಬಂದಿಳಿದರು. ರೊಟ್ಟಿ ಬಡಿದೆ, ಬಡಿದೆ, ಬಡಿಯುತ್ತಲೇ ಇದ್ದೆ. ನೆನಪಾಗಿ ಹಿತ್ತಲಿಗೆ ಓಡಿದಾಗ ಭರಣಿ ಪೂರಾ ಬಿಸಿಲಿನಲ್ಲಿತ್ತು. ಬೆರಳು ಅದ್ದಿದೆ. ಬಚ್ಚಲ ಹಂಡೆಯ ನೀರಿನಷ್ಟು ಬಿಸಿ. ಮೀನು ಮಗ್ಗುಲಾಗಿ ತೇಲುತ್ತಿತ್ತು.

ಖಾಲಾ ತಂಗಿಯನ್ನು ಮಣ್ಣು ಮಾಡಿ ಬಂದಿದ್ದರು. ಅಂಥ ಹೊತ್ತಿನಲ್ಲಿ ಹೇಳಬೇಕಾಯಿತು.

"ಒಳಗ ಇಡ್ಲಿಲ್ರಿ ಖಾಲಾ. ನಮ್ಮ ಮನ್ಯಾಗ ಮೀನಿಗಿ ಜಾಗಿಲ್ರಿ. ನಾ ಸುಳ್ಳ ಹೇಳ್ದೆ."

ಖಾಲಿ ಭರಣಿಯನ್ನು ಕೈಗೆ ತೆಗೆದುಕೊಂಡರು. "ಅವತ್ತೇ ಅಂದಿದ್ರ ನನ್ನ ಸಂಗಟ ಒಯ್ತಿದ್ದೆನಲ್ಲ ಬೇಟಿ," ಎಂದರು. ಅಷ್ಟೇ.

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ. ಗೋಡೆಯ ಬಳಿ ಬರುವುದನ್ನೂ ಬಿಡಲಿಲ್ಲ. ಆದರೆ ಅಂದಿನಿಂದ ನನ್ನನ್ನು ಏನೂ ಕೇಳಲಿಲ್ಲ, ಒಂದು ಚಿಟಿಕೆ ಉಪ್ಪನ್ನೂ. ಉರುಸು ಬಂತು, ಓಣಿಯ ತುಂಬ ಜನ. ಮಗ ಬರಲಿಲ್ಲ. ಮರುದಿನ ಖಾಲಾ ಗೋಡೆಗೆ ಕೈಯೂರಿ ನಿಂತು, "ಚೊಲೋ ಆಯ್ತು ಬಿಡು. ಬಂದಿದ್ರ ಮೀನೆಲ್ಲಿ ಅಂತ ಕೇಳ್ತಿದ್ದ," ಎಂದರು. ಆ ಮಾತಿಗೆ ನಾನು ಎಲ್ಲಿ ಮುಖ ಬಚ್ಚಿಟ್ಟುಕೊಳ್ಳಲಿ? ಮಗ ಆ ಮೇಲೆಯೂ ಬರಲಿಲ್ಲ.

ಮೂರನೆಯ ವರ್ಷದ ಚಳಿಗಾಲದಲ್ಲಿ ಖಾಲಾ ಹಾಸಿಗೆ ಹಿಡಿದರು. ನಾನು ಯಾರನ್ನೂ ಕೇಳದೆ ಅವರ ಮನೆಗೆ ಹೋದೆ. "ಹೋಗೂದಾದ್ರ ತಲಿಮ್ಯಾಲ ನೀರ ಹಾಕ್ಕೊಂಡೇ ಒಳಗ ಬರಬೇಕ ನೋಡು," ಎಂದರು ಅತ್ತೆ. ದಿನಕ್ಕೆ ಮೂರು ಸಲ ಹೋದೆ, ಮೂರು ಸಲ ತಣ್ಣೀರು ಸುರಿದುಕೊಂಡೆ. ಖಾಲಾ ನನ್ನ ಒದ್ದೆ ಜಡೆ ಮುಟ್ಟಿ ನೋಡಿ, ಎಲ್ಲ ಅರ್ಥವಾದವರಂತೆ ಕಣ್ಣು ಮುಚ್ಚಿದರು. ಹನ್ನೊಂದನೆಯ ದಿನ ಬಾಯಿ ಬಿಟ್ಟು, "ಗಂಜಿ ಮಾಡಿ ಕೊಡ್ತೀ ಬೇಟಿ?" ಎಂದರು. ಅಷ್ಟು ವರ್ಷದ ಮೇಲೆ ನನ್ನನ್ನು ಕೇಳಿದ್ದು ಅದೊಂದೇ. ಅವರ ಒಲೆಯ ಮುಂದೆ ಕೂತು ಗಂಜಿ ಕಾಸಿದೆ. ನಾಲ್ಕು ಚಮಚ ಕುಡಿದರು.

ಮರುದಿನ ಮಧ್ಯಾಹ್ನ ಹೋಗಿಬಿಟ್ಟರು. ಓಣಿಯ ಗಂಡಸರು ಹೊತ್ತು ನಡೆದರು. ಹಿಂದೆ ಹೋಗಲಿಕ್ಕೆ ಮಗನಿರಲಿಲ್ಲ. ನಾನು ಮನೆಗೆ ಬಂದೆ. ಅತ್ತೆ ಬಚ್ಚಲ ಕಡೆ ಕೈ ತೋರಿಸಿದರು.

"ಇವತ್ತ ಆಗಂಗಿಲ್ರಿ, ಅತ್ತಿ," ಎಂದು ನಡುಮನೆಯಲ್ಲಿ ಕೂತುಬಿಟ್ಟೆ.

ಅವರು ಬೈಯಲಿಲ್ಲ, ಕೂಗಾಡಲಿಲ್ಲ. ಪೂಜೆಯ ಕೋಣೆಗೆ ಹೋಗಿ ಕದ ಮುಂದೆ ಮಾಡಿಕೊಂಡರು. ಇಷ್ಟೇ ಆಗುತ್ತಿತ್ತು. ಭರಣಿ ಇಸಿದುಕೊಂಡ ದಿನ ನಾನು ಅತ್ತೆಯ ಮುಂದೆ ಹೀಗೇ ಬಾಯಿ ಬಿಟ್ಟಿದ್ದರೂ, ಇಷ್ಟೇ ಆಗುತ್ತಿತ್ತು.